ಇನ್ನೊಬ್ಬರ ಹೆಸರಿನ ಮಾತ್ರೆ

ವೇಣೂರಿನ ಆಚೀಚೆಯ ಇನ್ನೂರೈವತ್ತು ಮನೆಗಳಲ್ಲಿ ಯಾರ ನಾಯಿ ಕಚ್ಚುತ್ತದೆ, ಯಾರದ್ದು ಬರೀ ಬೊಗಳುತ್ತದೆ ಎಂಬುದು ಶಶಿಪ್ರಭಾಗೆ ಬಾಯಿಪಾಠ. ಹದಿನಾಲ್ಕು ವರ್ಷಗಳಿಂದ ಅವಳು ಅಲ್ಲಿಯ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆಯುಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಅವಳು ಗದ್ದೆಯ ಬದುವಿನಲ್ಲಿ ಬರುವುದು ಕಂಡರೆ ಬಸುರಿಯರಿದ್ದ ಮನೆಯವರು ತಾಯಿ ಕಾರ್ಡು ಹುಡುಕಲು ತೊಡಗುತ್ತಿದ್ದರು, ಬಿ.ಪಿ. ಮಾತ್ರೆ ತಪ್ಪಿಸಿದ ಮುದುಕರು ಮೆಲ್ಲಗೆ ಹಿತ್ತಿಲಿಗೆ ಜಾರುತ್ತಿದ್ದರು. ಬೈಯುವುದಕ್ಕೂ ಅವಳೇ, ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕ ಕೂರುವುದಕ್ಕೂ ಅವಳೇ. ನಲವತ್ತನಾಲ್ಕು ವರ್ಷದ ಗಟ್ಟಿ ಹೆಂಗಸು, ಸ್ವಲ್ಪ ಬಾಯಿ ಜೋರು. ಗಂಡ ರಮಾನಾಥ ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಿದ್ದ.

ಮನಸ್ಸಿನ ಕಾಯಿಲೆಯ ಬಗ್ಗೆಯೂ ಆಶಾದವರಿಗೆ ತರಬೇತಿ ಕೊಟ್ಟಿದ್ದರು. ಚಿತ್ರಗಳಿದ್ದ ಒಂದು ಪುಸ್ತಕವನ್ನು ಮನೆಮನೆಯಲ್ಲಿ ಬಿಡಿಸಿ ತೋರಿಸಬೇಕಿತ್ತು. ಶಶಿಪ್ರಭಾ ಅದನ್ನು ಚೆನ್ನಾಗಿ ಮಾಡುತ್ತಿದ್ದಳು. "ಜ್ವರ ಬಂದ ಹಾಗೆ ಇದೂ ಒಂದು ಕಾಯಿಲೆ. ಇದರಲ್ಲಿ ನಾಚಿಕೆ ಪಡ್ಲಿಕ್ಕೆ ಎಂತ ಉಂಟು?" ಎಂದು ಕೇಳುವಾಗ ಅವಳ ದನಿಯಲ್ಲಿ ಒಂದು ಚೂರೂ ಅಳುಕು ಇರುತ್ತಿರಲಿಲ್ಲ. ಇಲ್ಲದ ದನಿಗಳೆಲ್ಲ ಕೇಳಿಸಿ ಮನೆಯವರಿಂದ ದೂರವಾಗಿದ್ದ ಇದಿನಬ್ಬ ಎಂಬ ಮುದುಕರನ್ನು ಚಿಕಿತ್ಸೆಗೆ ಒಪ್ಪಿಸಿದ್ದೂ ಅವಳೇ. ತಿಂಗಳಿಗೊಂದು ಮಂಗಳವಾರ ಅವರನ್ನು ಬಸ್ಸಿನಲ್ಲಿ ಬೆಳ್ತಂಗಡಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿಗೆ ಬರುವ ಮನೋವೈದ್ಯರಿಗೆ ತೋರಿಸಿ, ಮಾತ್ರೆ ಕೊಡಿಸಿ ತರುತ್ತಿದ್ದಳು.

ಅಂಥದ್ದೇ ಒಂದು ಮಂಗಳವಾರ ವಾಪಸು ಬರುವಾಗ ಅವಳಿಗೆ ಅದು ಮೊದಲ ಸಲ ಬಂತು. ಬಸ್ಸು ತುಂಬಿತ್ತು. ಏನೂ ಆಗಿರಲಿಲ್ಲ, ಕಂಡಕ್ಟರ್ ಚಿಲ್ಲರೆ ಕೇಳುತ್ತಿದ್ದ, ಅಷ್ಟೆ. ಒಮ್ಮೆಲೇ ಎದೆ ಒಳಗಿನಿಂದ ಗುದ್ದಲು ಶುರುವಾಯಿತು. ಬೆರಳುಗಳು ಜುಮ್ಮೆಂದವು, ಎಳೆದ ಉಸಿರು ಕೆಳಗಿಳಿಯಲಿಲ್ಲ. ಎಂಟು ತಿಂಗಳ ಹಿಂದೆ ಅವಳ ತಮ್ಮ ತರುಣ್ ಮಸ್ಕತ್ತಿನಲ್ಲಿ ಕೆಲಸಕ್ಕೆ ಹೊರಟವನು ಮೆಟ್ಟಿಲಿನಲ್ಲಿ ಕುಸಿದು ಸತ್ತಿದ್ದ. ಮೂವತ್ತೊಂಬತ್ತು ವರ್ಷ, ಹೃದಯಾಘಾತ. ನನಗೂ ಅದೇ, ಎಂದುಕೊಂಡಳು. ಗುರುವಾಯನಕೆರೆಯಲ್ಲಿ ಬಸ್ಸು ನಿಂತದ್ದೇ ಜನರನ್ನು ತಳ್ಳಿಕೊಂಡು ಇಳಿದು ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕುಸಿದು ಕೂತಳು.

ಹಿಂದೆಯೇ ಇದಿನಬ್ಬ ಇಳಿದು ಬಂದರು. ಸೀಟಿನಲ್ಲಿ ಬಿಟ್ಟುಬಂದ ಅವಳ ಚೀಲ ಅವರ ಕೈಯಲ್ಲಿತ್ತು. ಅಂಗಡಿಯಿಂದ ನೀರು ತಂದುಕೊಟ್ಟು, "ಕುಡಿ ಮಗಳೇ. ಎಲ್ಲಿಗೂ ಹೋಗ್ಲಿಕ್ಕಿಲ್ಲ, ಇಲ್ಲೇ ಕೂತುಕೊಳ್ಳುವ," ಎಂದರು. ಕಾಲು ಗಂಟೆಯಲ್ಲಿ ಎಲ್ಲ ಇಳಿಯಿತು. ಸಾವಿನ ಹೆದರಿಕೆ ಹೋದ ಜಾಗಕ್ಕೆ ನಾಚಿಕೆ ಬಂದು ಕೂತಿತು. ತಾನು ಕೈಹಿಡಿದು ನಡೆಸುವ ರೋಗಿ ತನಗೆ ನೀರು ಕುಡಿಸುವಂತಾಯಿತಲ್ಲ ಎಂದು ಅವಳು ಮುಖ ಎತ್ತಲಿಲ್ಲ. ಆ ಮುದುಕರು ಅದನ್ನು ಯಾರಲ್ಲಿಯೂ ಎಂದೂ ಆಡಲಿಲ್ಲ.

ಮೂಡುಬಿದಿರೆಯಲ್ಲಿ ಇ.ಸಿ.ಜಿ. ಮಾಡಿಸಿದಳು. ಹೃದಯ ಸರಿ ಇತ್ತು. ಇನ್ನೊಮ್ಮೆ ಬಂದಾಗ ಇನ್ನೊಂದು ಕಡೆ ಮಾಡಿಸಿದಳು. ಅಲ್ಲೂ ಸರಿ. ಗ್ಯಾಸ್ಟ್ರಿಕ್ ಎಂದರು, ರಕ್ತ ಕಡಿಮೆ ಎಂದರು. ನಾಲ್ಕನೆಯ ಸಲ ಅದು ಬಂದದ್ದು ಅಂಗನವಾಡಿಯಲ್ಲಿ, ಮಗುವಿಗೆ ಪೋಲಿಯೋ ಹನಿ ಹಾಕುವಾಗ. ಸಣ್ಣ ಬಾಟಲಿಯನ್ನು ಪಕ್ಕದವಳ ಕೈಗೆ ತುರುಕಿ ಹೊರಗೆ ಓಡಿದಳು. ಆ ದಿನ ಮನೆಗೆ ಬಂದು ಚಿತ್ರದ ಪುಸ್ತಕ ತೆಗೆದು ಏಳನೆಯ ಪುಟ ಬಿಡಿಸಿದಳು. ಎದೆಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಅಗಲಿಸಿದ ಹೆಂಗಸಿನ ಚಿತ್ರ. ಆ ಪುಟವನ್ನು ಅವಳು ಎಷ್ಟೋ ಮನೆಗಳಲ್ಲಿ ಓದಿ ಹೇಳಿದ್ದಳು. ಈಗ ಪುಸ್ತಕ ಮುಚ್ಚಿ ಕಪಾಟಿನ ತಳಕ್ಕೆ ಹಾಕಿದಳು.

ಅವಳಿಗೆ ಗೊತ್ತಿತ್ತು: ಚಿಕಿತ್ಸೆ ಉಂಟು, ಡಾಕ್ಟರು ಉಂಟು, ತಾನು ಪ್ರತಿ ತಿಂಗಳೂ ಅವರ ಎದುರೇ ಕೂರುತ್ತೇನೆ. ಆದರೆ ಆ ಕುರ್ಚಿಯಿಂದ ರೋಗಿಯ ಕುರ್ಚಿಗೆ ಸರಿಯುವುದು ಅವಳಿಂದ ಆಗಲಿಲ್ಲ. ಅಲ್ಲಿಯ ನರ್ಸುಗಳು ಏನೆಂದುಕೊಂಡಾರು? ಉಳಿದ ಆಶಾದವರು? 'ತಲೆ ಸರಿ ಇಲ್ಲದವಳು' ಎಂದು ಗೊತ್ತಾದರೆ ಹೆರಿಗೆಗೆ ಯಾರು ಕರೆದಾರು? ಬೇರೆಯವರಿಗೆ ಹೇಳುವ ಮಾತೇ ತನಗೆ ಬಂದಾಗ ಒಂದಿಷ್ಟೂ ನೆರವಿಗೆ ಬರಲಿಲ್ಲ ಎಂಬುದು ಅವಳಿಗೇ ಅಸಹ್ಯವೆನಿಸಿತು.

ಮುಂದಿನ ಮಂಗಳವಾರ ಇದಿನಬ್ಬರನ್ನು ತೋರಿಸಿ ಆದ ಮೇಲೆ ಅವಳು ಎದ್ದು ನಿಂತವಳು ಮತ್ತೆ ಕೂತಳು.

"ಸರ್, ನನ್ನ ಏರಿಯಾದಲ್ಲಿ ಒಬ್ರು ಹೆಂಗಸು ಇದ್ದಾರೆ. ಇದ್ದಕ್ಕಿದ್ದ ಹಾಗೆ ಎದೆ ಹೊಡ್ಕೊಳ್ತದಂತೆ. ಈಗ ಸತ್ತೇ ಹೋಗ್ತೇನೆ ಅಂತ ಆಗ್ತದಂತೆ. ಇ.ಸಿ.ಜಿ. ಎಲ್ಲ ಸರಿ ಉಂಟು."

"ಪುನಃ ಬರಬಹುದು ಅಂತ ಹೆದರಿ ಎಲ್ಲಿಗಾದ್ರೂ ಹೋಗುದು ಬಿಟ್ಟಿದ್ದಾರಾ?" ಡಾಕ್ಟರು ಕೇಳಿದರು.

ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಅವಳು ಆ ಬಸ್ಸನ್ನೇ ಬಿಡುತ್ತಿದ್ದಳು. "ಹೌದು ಸರ್," ಎಂದಳು.

"ಪ್ಯಾನಿಕ್ ಡಿಸಾರ್ಡರ್ ಇರಬಹುದು, ಹೆದರಿಕೆಯ ಕಾಯಿಲೆ. ಗುಣ ಆಗುವಂಥದ್ದು. ಕರ್ಕೊಂಡು ಬನ್ನಿ."

ಆ ಹೆಂಗಸು ಬರುವುದಾದರೂ ಹೇಗೆ? ಮರು ತಿಂಗಳು ಶಶಿಪ್ರಭಾ, ಎಷ್ಟು ಹೇಳಿದರೂ ಅವರು ಬಸ್ಸು ಹತ್ತುವುದಿಲ್ಲ, ಮನೆಯಿಂದ ಹೊರಗೇ ಬರುವುದಿಲ್ಲ ಎಂದಳು. ಹೇಳುತ್ತಾ ಕಣ್ಣು ತುಂಬಿತು. ಡಾಕ್ಟರು ಅದನ್ನು ಕನಿಕರ ಎಂದುಕೊಂಡರು. ಸ್ವಲ್ಪ ಯೋಚಿಸಿ, "ನೋಡದೆ ಕೊಡುವ ಕ್ರಮ ಇಲ್ಲ. ನಿಮ್ಮ ಮೇಲೆ ನಂಬಿಕೆ ಇಟ್ಟು ಹದಿನೈದು ದಿನಕ್ಕೆ ಮಾತ್ರ ಬರೀತೇನೆ. ಅಷ್ಟರೊಳಗೆ ನಮ್ಮ ನರ್ಸು ಅವರ ಮನೆಗೇ ಬಂದು ನೋಡ್ತಾರೆ. ಹೆಸರು?" ಎಂದರು.

ಹೆಸರು ಅವಳು ಯೋಚಿಸಿಯೇ ಇರಲಿಲ್ಲ. ಹಿಂದಿನ ದಿನ ಯಶೋಧಕ್ಕನ ಮನೆಯ ಮುಂದೆ ಹಾದು ಬಂದದ್ದು ಕಣ್ಣಮುಂದೆ ಬಂತು: ಮುಚ್ಚಿದ ಬಾಗಿಲು, ಚಿಲಕಕ್ಕೆ ದೊಡ್ಡ ಬೀಗ.

"ಯಶೋಧಾ. ಐವತ್ತೆಂಟು ವರ್ಷ," ಎಂದಳು.

ಯಶೋಧಕ್ಕ ಆ ಊರಿನ ಹಳೆಯ ಜೈನ ಮನೆತನದವರು, ಗಂಡ ತೀರಿಹೋಗಿದ್ದರು. ಐದು ತಿಂಗಳ ಹಿಂದೆ ಮೊಮ್ಮಗನನ್ನು ನೋಡಿಕೊಳ್ಳಲು ಪುಣೆಯಲ್ಲಿದ್ದ ಮಗ ಜಯೇಶನ ಮನೆಗೆ ಹೋಗಿದ್ದರು. ಒಂದು ವರ್ಷ ಬರುವುದಿಲ್ಲ ಎಂದು ಹೇಳಿಯೇ ಹೋಗಿದ್ದರು. ನರ್ಸು ಬಂದರೆ ಬೀಗ ತೋರಿಸಿ, 'ಅಯ್ಯೋ, ಮೊನ್ನೆಯಷ್ಟೇ ಮಗ ಬಂದು ಕರ್ಕೊಂಡು ಹೋದ' ಎಂದರಾಯಿತು. ಯಾರಿಗೂ ನಷ್ಟವಿಲ್ಲ ಎಂದು ಶಶಿಪ್ರಭಾ ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡಳು.

ಮಾತ್ರೆಯ ಪೊಟ್ಟಣದ ಮೇಲೆ ನೀಲಿ ಅಕ್ಷರದಲ್ಲಿ ಬರೆದಿತ್ತು: ಯಶೋಧಾ, ಬೆಳಿಗ್ಗೆ ಒಂದು. ಅದನ್ನು ಹುರುಳಿಯ ಡಬ್ಬಿಯಲ್ಲಿ ಅಡಗಿಸಿಟ್ಟಳು. ಮೊದಲ ವಾರ ಹೊಟ್ಟೆ ತೊಳಸಿತು, ಕೈ ನಡುಗಿತು. ಇದು ಸಹಜವೋ, ನಿಲ್ಲಿಸಬೇಕೋ ಎಂದು ಕೇಳಲು ದಾರಿಯಿರಲಿಲ್ಲ. ಎಲ್ಲರ ಮಾತ್ರೆಯ ಬಗ್ಗೆ ಎಲ್ಲರಿಗೂ ಹೇಳುವವಳು ತನ್ನ ಮಾತ್ರೆಯನ್ನು ಕಳ್ಳಿಯ ಹಾಗೆ ನುಂಗಿದಳು.

ಹನ್ನೊಂದನೆಯ ದಿನ ಬೆಳಿಗ್ಗೆ ನರ್ಸು ಶಹನಾಝ್ ಫೋನು ಮಾಡಿದಳು. "ಆಶಾ ಅಕ್ಕ, ನಾನು ವೇಣೂರಿಗೆ ಬಂದಾಯ್ತು. ಆ ಯಶೋಧಾ ಅವರ ಮನೆಗೆ ಹೋಗುವ, ದಾರಿ ತೋರಿಸಿ."

ಶಹನಾಝ್ ಇಪ್ಪತ್ತಾರು ವರ್ಷದ ಮೃದು ಮಾತಿನ ಹುಡುಗಿ. ದಾರಿಯಲ್ಲಿ ಶಶಿಪ್ರಭಾ ಪುಣೆಯ ಮಾತನ್ನು ಎರಡು ಸಲ ಬಾಯೊಳಗೇ ಹೇಳಿಕೊಂಡಳು. ತಿರುವಿನಲ್ಲಿ ಮನೆ ಕಂಡಿತು. ಬೀಗ ಇರಲಿಲ್ಲ. ಅಂಗಳದ ಹಗ್ಗದಲ್ಲಿ ಎರಡು ಸೀರೆ ಒಣಗುತ್ತಿದ್ದವು. ಮೊಮ್ಮಗನನ್ನು ಶಿಶುವಿಹಾರಕ್ಕೆ ಸೇರಿಸಿದ ಕಾರಣ ಯಶೋಧಕ್ಕ ಹಿಂದಿನ ಸಂಜೆಯಷ್ಟೇ ಬಂದಿಳಿದಿದ್ದರು. ಕಸಬರಿಕೆ ಹಿಡಿದು ಜಗಲಿಯಲ್ಲಿ ನಿಂತಿದ್ದವರು ಅವಳನ್ನು ಕಂಡು ನಕ್ಕರು. "ಬಾ ಶಶಿ. ನಾನು ಬಂದದ್ದು ಇಷ್ಟು ಬೇಗ ಗೊತ್ತಾಯ್ತಾ ನಿನಗೆ?"

ಶಹನಾಝ್ ಹತ್ತಿರ ಹೋಗಿ ದನಿ ತಗ್ಗಿಸಿಯೇ ಕೇಳಿದಳು. "ಅಮ್ಮ, ಮಾತ್ರೆ ತಗೊಂಡ ಮೇಲೆ ಹೇಗುಂಟು? ಹೆದರಿಕೆ ಕಡಿಮೆ ಆಯ್ತಾ?"

"ಯಾವ ಮಾತ್ರೆ? ಎಂಥ ಹೆದರಿಕೆ?"

ಶಹನಾಝ್ ತಿರುಗಿ ಶಶಿಪ್ರಭಾಳ ಮುಖ ನೋಡಿದಳು. ಆಗ ಹೇಳಬಹುದಿತ್ತು. ಮೂವರೇ ಇದ್ದರು, ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಶಶಿಪ್ರಭಾ ಹೇಳಲಿಲ್ಲ. ನರ್ಸಿಗೆ ಮಾತ್ರ ಕಾಣುವ ಹಾಗೆ ಮೆಲ್ಲಗೆ ತಲೆಯಾಡಿಸಿದಳು. ಒಪ್ಪಿಕೊಳ್ಳುವುದಿಲ್ಲ ಇವರು, ಎಂಬಂತೆ.

ಶಹನಾಝ್‌ಗೆ ಅಷ್ಟು ಸಾಕಾಯಿತು. "ನಾಚಿಕೆ ಮಾಡ್ಬೇಡಿ ಅಮ್ಮ, ಇದು ಎಲ್ಲರಿಗೂ ಬರುವಂಥದ್ದು," ಎಂದು ಸಮಾಧಾನ ಹೇಳತೊಡಗಿದಳು. ಯಶೋಧಕ್ಕನಿಗೆ ಸಿಟ್ಟು ಬಂತು. "ನಂಗೆ ಎಂತ ಆಗಿದೆ ಮಾರಾಯ್ತಿ? ಯಾರು ಹೇಳಿದ್ದು ನಿಂಗೆ?" ಎಂದು ಜೋರು ಮಾಡಿದರು. ಅವರು ದನಿ ಏರಿಸಿದಷ್ಟೂ ಹುಡುಗಿಗೆ ಅದು ಕಾಯಿಲೆಯಂತೆಯೇ ಕಂಡಿತು. ಇನ್ನಷ್ಟು ಮೆದುವಾಗಿ ಮಾತಾಡಿದಳು. ಪಕ್ಕದ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಕಾವೇರಮ್ಮ ಮತ್ತು ಇನ್ನಿಬ್ಬರು ಹೆಂಗಸರು ಕೈ ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು.

ಒಂದೇ ವಾರದಲ್ಲಿ ಸುದ್ದಿ ಊರೆಲ್ಲ ಹಬ್ಬಿತು: ಪುಣೆಗೆ ಹೋದ ಮೇಲೆ ಯಶೋಧಾಗೆ ತಲೆ ಕೆಟ್ಟಿದೆಯಂತೆ, ಅದಕ್ಕೇ ಮಗ ವಾಪಸು ಕಳಿಸಿದ್ದಂತೆ. ಮುಂಚೆ ಭಾನುವಾರ ಬೆಳಿಗ್ಗೆ ಯಶೋಧಕ್ಕ ಬಸದಿಯ ಪಕ್ಕದ ಸಭಾಂಗಣದಲ್ಲಿ ಮಕ್ಕಳಿಗೆ ಸ್ತೋತ್ರ ಹೇಳಿಕೊಡುತ್ತಿದ್ದರು, ಹದಿನಾರು ಹದಿನೇಳು ಮಕ್ಕಳು ಸೇರುತ್ತಿದ್ದರು. ಈ ಸಲ ಇಬ್ಬರು ಬಂದರು. ಒಬ್ಬಳ ತಾಯಿ ಪಾಠ ಮುಗಿಯುವವರೆಗೂ ಬಾಗಿಲಲ್ಲೇ ನಿಂತಿದ್ದಳು.

ಇದನ್ನು ಶಶಿಪ್ರಭಾಗೆ ಹೇಳಿದ್ದು ಕಾವೇರಮ್ಮ. "ಪಾಪ, ನೀನಾದ್ರೂ ನೋಡಿಕೊಳ್ತೀಯಲ್ಲ ಅವರನ್ನು. ನಿನ್ನ ಹಾಗೆ ಯಾರು ಮಾಡ್ತಾರೆ?" ಎಂದು ಅವಳ ಕೈ ಹಿಡಿದರು. ಬೀಡಿ ಎಲೆಯ ವಾಸನೆಯ ಆ ಕೈಯನ್ನು ಬಿಡಿಸಿಕೊಂಡು ಅವಳು ಬೇಗ ಬೇಗ ನಡೆದುಬಿಟ್ಟಳು.

ಗಂಡನಿಗೆ ಹೇಳಿದಳು, ಎಲ್ಲವನ್ನೂ. ರಮಾನಾಥ ಒಳ್ಳೆಯವನೇ. ಅವಳು ಇಷ್ಟು ದಿನ ತನ್ನಿಂದ ಮುಚ್ಚಿಟ್ಟಳೆಂದು ಮೊದಲು ಬೇಜಾರು ಮಾಡಿಕೊಂಡ. ಆಮೇಲೆ, "ಸುಮ್ಮನಿರು. ಹತ್ತು ದಿನದಲ್ಲಿ ಜನ ಮರೀತಾರೆ. ಹೇಳಿದ್ರೆ ನಿನ್ನ ಕೆಲಸಕ್ಕೇ ಕುತ್ತು ಬರ್ತದೆ," ಎಂದ. ಅವನ ಮಾತು ಹಿತವಾಯಿತು ಎಂಬುದಕ್ಕೂ ಅವಳಿಗೆ ನಾಚಿಕೆಯಾಯಿತು. ಹತ್ತು ದಿನ ಹೋಯಿತು, ಹತ್ತೊಂಬತ್ತು ದಿನ ಹೋಯಿತು. ಮಾತ್ರೆ ಮುಗಿದಿತ್ತು. ಬೆಳಿಗ್ಗೆ ಮುಖ ತೊಳೆಯುವಾಗಲೂ ಎದೆ ಹೊಡೆದುಕೊಳ್ಳತೊಡಗಿತು. ಯಶೋಧಕ್ಕನ ಮನೆಯ ದಾರಿ ಬಿಟ್ಟು ತೋಡಿನ ನೀರು ದಾಟಿ ಸುತ್ತುಹಾಕಿ ಹೋಗುತ್ತಿದ್ದಳು.

ಇಪ್ಪತ್ತನೆಯ ದಿನ ಆ ದಾರಿಯಲ್ಲೇ ಹೋದಳು. ಯಾಕೆ ಆ ದಿನವೇ ಎಂದು ಕೇಳಿದರೆ ಅವಳಿಗೆ ಈಗಲೂ ಹೇಳಲು ಬರುವುದಿಲ್ಲ. ಯಶೋಧಕ್ಕ ಅಡಿಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದರು. ಸುತ್ತ ಡಬ್ಬಿಗಳು, ಬಾಟಲಿಗಳು, ಹಳೆಯ ಪೆಟ್ಟಿಗೆಯೊಂದರ ಸಾಮಾನು ಹರಡಿತ್ತು.

"ಎಂತ ಹುಡುಕ್ತಾ ಇದ್ದೀರಿ ಅಕ್ಕ?"

"ಮಾತ್ರೆ," ಎಂದರು ಅವರು, ತಲೆ ಎತ್ತದೆ. "ನಿನ್ನೆ ಜಯೇಶ ಫೋನು ಮಾಡಿದ. ಅವನಿಗೂ ಯಾರೋ ಹೇಳಿದ್ದಾರೆ. 'ಅಮ್ಮ, ನೀನು ಮಾತ್ರೆ ತಗೊಳ್ತಿದ್ರೆ ನಂಗೆ ಹೇಳು, ಮುಚ್ಚಿಡ್ಬೇಡ' ಅಂದ. ಇಲ್ಲ ಮಗಾ ಅಂದೆ. ಅವ ನಂಬಲಿಲ್ಲ. ನಾನು ತಗೊಂಡು ಮರ್ತದ್ದಾ ಅಂತ ಈಗ ನಂಗೇ ಸಂಶಯ. ಮರೆವು ಶುರುವಾದ್ರೆ ಹೀಗೇ ಅಂತೆ ಅಲ್ವಾ ಶಶಿ? ನಿಂಗೆ ಗೊತ್ತಿರ್ತದೆ."

ಶಶಿಪ್ರಭಾ ಬಾಗಿಲ ಹೊಸ್ತಿಲಲ್ಲೇ ಕೂತುಬಿಟ್ಟಳು. "ನಿಮ್ಗೆ ಎಂತ ಆಗ್ಲಿಲ್ಲ ಅಕ್ಕ. ಮಾತ್ರೆ ತಗೊಂಡದ್ದು ನಾನು. ಕಾಯಿಲೆ ನಂದು. ನಿಮ್ಮ ಹೆಸರು ಬರೆಸಿದ್ದೂ ನಾನೇ."

ಯಶೋಧಕ್ಕ ಕೈಯಲ್ಲಿದ್ದ ಬಾಟಲಿಯನ್ನು ನೆಲಕ್ಕಿಟ್ಟರು. ಬೈಯುತ್ತಾರೆಂದು ಅವಳು ಕಾದಳು.

"ನನ್ನ ಹೆಸರೇ ಯಾಕೆ?"

"ನಿಮ್ಮ ಮನೆಗೆ ಬೀಗ ಇತ್ತು."

"ಬೀಗ ಇದ್ದ ಮನೆಗೆ ಕಳ್ಳರು ನುಗ್ಗುದು," ಎಂದರು ಯಶೋಧಕ್ಕ. "ಅದನ್ನಾದ್ರೂ ಬಿಡ್ತೇನೆ. ನಾನು ಆ ಹುಡುಗಿಯತ್ರ ಬೊಬ್ಬೆ ಹೊಡೀತಿರುವಾಗ ನೀನು ಪಕ್ಕದಲ್ಲಿ ನಿಂತಿದ್ದೆ. ಅದನ್ನು ಎಂತ ಮಾಡ್ಲಿ?"

ಯಶೋಧಕ್ಕ ಡಬ್ಬಿಗಳನ್ನು ಬದಿಗೆ ಸರಿಸಿ ಎದ್ದರು.

"ಏಳು. ಎಲ್ಲಿ ಕೇಳಿದ್ದಾರೋ ಅಲ್ಲಿಯೇ ಹೇಳು. ಈಗಲೇ. ನಾನೂ ಬರ್ತೇನೆ."

ಕಾವೇರಮ್ಮನ ಜಗಲಿಯಲ್ಲಿ ಐದು ಜನ ಹೆಂಗಸರು ಬೀಡಿ ಕಟ್ಟುತ್ತಿದ್ದರು. ಶಶಿಪ್ರಭಾ ಅವರ ಮುಂದೆ ನಿಂತು ಬಾಯಿ ತೆರೆದಳು. "ಯಶೋಧಕ್ಕನಿಗೆ ಯಾವ ಕಾಯಿಲೆಯೂ ಇಲ್ಲ, ನಾನು ಸುಳ್ಳು..." ಎನ್ನುವಷ್ಟರಲ್ಲಿ ಅದು ಬಂತು. ಅಷ್ಟೂ ಜನರೆದುರು ನೆಲಕ್ಕೆ ಕೂತು ಬಾಯಿಬಿಟ್ಟು ಉಸಿರೆಳೆದಳು. ಬೀಡಿ ಎಲೆಯ ಮೊರಗಳು ಬದಿಗೆ ಸರಿದವು, ಒಬ್ಬಳು ಹಾರ್ಟು ಹಾರ್ಟು ಎಂದು ಕೂಗಿದಳು, ಇನ್ನೊಬ್ಬಳು ರಿಕ್ಷಾಕ್ಕೆ ಫೋನು ಮಾಡಲು ಹೊರಟಳು. ಯಶೋಧಕ್ಕ ಕಂಬಕ್ಕೊರಗಿ ನಿಂತು ನೋಡುತ್ತಿದ್ದರು. "ಫೋನು ಬೇಡ," ಎಂದರು. "ನೀರು ಕೊಡಿ. ಸುತ್ತ ನಿಲ್ಬೇಡಿ." ಅವಳ ಬಳಿಗೆ ಬರಲಿಲ್ಲ, ಮುಟ್ಟಲಿಲ್ಲ. ಆದರೆ ಹೋಗಲೂ ಇಲ್ಲ. ಹತ್ತು ಹನ್ನೆರಡು ನಿಮಿಷದಲ್ಲಿ ಉಸಿರು ದಾರಿಗೆ ಬಂತು. ಶಶಿಪ್ರಭಾ ಕೂತಲ್ಲಿಂದಲೇ ಬಿಟ್ಟ ಮಾತನ್ನು ಮುಗಿಸಿದಳು. ಕೊನೆಗೆ ಕಾವೇರಮ್ಮ, "ನಾನು ನಿನ್ನನ್ನು ಎಷ್ಟು ಹೊಗಳಿದೆ ಅವತ್ತು," ಎಂದರು.

ಮಂಗಳವಾರ ಡಾಕ್ಟರ ಎದುರು ರೋಗಿಯ ಕುರ್ಚಿಯಲ್ಲೇ ಕೂತಳು. ಅವರು ಕೇಳಿ ಪೆನ್ನು ಕೆಳಗಿಟ್ಟರು. "ನೋಡದೆ ಬರೆದದ್ದು ನನ್ನ ತಪ್ಪು. ಅದನ್ನು ನಾನು ಮೇಲಿನವರಿಗೆ ಬರೆದು ಒಪ್ಪಿಸಬೇಕಾಗ್ತದೆ. ನಿಮ್ಮದನ್ನೂ," ಎಂದರು. ಶಹನಾಝ್‌ಳ ಮುಖ ಕೆಂಪಾಗಿತ್ತು. "ಆ ಅಮ್ಮನಿಗೆ ನಾನು ಎಷ್ಟು ಬುದ್ಧಿ ಹೇಳಿದೆ ಅಕ್ಕ," ಎಂದಷ್ಟೇ ಹೇಳಿದಳು. ಮರುದಿನವೇ ಅವಳು ವೇಣೂರಿಗೆ ಬಂದು ಯಶೋಧಕ್ಕನ ಕ್ಷಮೆ ಕೇಳಿ ಹೋದಳು.

ಆಮೇಲೆ ಡಾಕ್ಟರು ತಮ್ಮನ ಸಾವಿನಿಂದ ಹಿಡಿದು ಎಲ್ಲವನ್ನೂ ಕೇಳಿದರು. ಮಾತ್ರೆ ಬರೆದರು, ಒಂದು ವರ್ಷವಾದರೂ ಬೇಕು, ನಡುವೆ ತಾನಾಗಿ ಬಿಡಬಾರದು ಎಂದರು. "ಇನ್ನೊಂದು ಮುಖ್ಯ. ಬಸ್ಸಿನಿಂದ ಇಳೀಬೇಡಿ. ಇಳಿದ ಕಾರಣ ಬದುಕಿದೆ ಅಂತ ನಿಮ್ಮ ಮನಸ್ಸು ನಂಬಿದೆ. ಕೂತೇ ಇದ್ರೂ ಅದು ಇಳೀತದೆ ಅಂತ ಅದಕ್ಕೆ ಗೊತ್ತಾಗ್ಬೇಕು." ಮೊದಲ ಸಲ ಗುರುವಾಯನಕೆರೆಯವರೆಗೆ ಶಹನಾಝ್ ಜೊತೆಗೆ ಬಂದಳು. ಬಾಗಿಲಿನಿಂದ ದೂರದ ಸೀಟಿನಲ್ಲಿ ಕೂರಿಸಿದಳು. ಶಶಿಪ್ರಭಾ ಬೆವತು ಮುದ್ದೆಯಾದಳು, ಮುಂದಿನ ಸೀಟಿನ ಕಂಬಿ ಹಿಡಿದ ಕೈ ಬಿಳುಚಿತು, ಆದರೆ ಇಳಿಯಲಿಲ್ಲ. ಅಂಥ ಎಷ್ಟೋ ಪ್ರಯಾಣಗಳಾದವು. ಮಳೆಗಾಲ ಮುಗಿಯುವಾಗ ಒಬ್ಬಳೇ ಮೂಡುಬಿದಿರೆಗೆ ಹೋಗಿ ಬಂದಳು.

ಇಲಾಖೆಯಿಂದ ನೋಟಿಸು ಬಂತು. ಕೆಲಸ ಹೋಗಲಿಲ್ಲ, ಆದರೆ ಮನಸ್ಸಿನ ಕಾಯಿಲೆಯವರ ಪಟ್ಟಿಯನ್ನು ಅವಳಿಂದ ತೆಗೆದು ಬೇರೆಯವಳಿಗೆ ಕೊಟ್ಟರು. ಇಬ್ಬರು ಬಸುರಿಯರು ಪಕ್ಕದ ಊರಿನ ಆಶಾ ಕಾರ್ಯಕರ್ತೆಯನ್ನು ಕರೆದರು. ಉಳಿದವರು ಅವಳನ್ನೇ ಕರೆದರು. ಯಶೋಧಕ್ಕನ ಭಾನುವಾರದ ಪಾಠಕ್ಕೆ ಮಕ್ಕಳು ಒಬ್ಬೊಬ್ಬರಾಗಿ ಬಂದು ಸೇರಿದರು, ಆದರೂ ಮೊದಲಿನಷ್ಟು ಆಗಲಿಲ್ಲ.

ಮರು ವರ್ಷ ಬಂಟ್ವಾಳದಲ್ಲಿ ಆಶಾದವರ ತರಬೇತಿ ಇತ್ತು. ತನ್ನ ಕಾಯಿಲೆಯ ಬಗ್ಗೆ ಮಾತಾಡಲು ಅವಳನ್ನು ಕೇಳಿದರು. ಎದೆ ಹೊಡೆದುಕೊಂಡದ್ದು, ಬಸ್ಸು, ಮಾತ್ರೆ, ಗುಣವಾದದ್ದು ಎಲ್ಲ ಹೇಳಿದಳು. ಇನ್ನೊಬ್ಬರ ಹೆಸರಿನ ಮಾತು ಬರುವಲ್ಲಿ ನಾಲಗೆ ಅದನ್ನು ದಾಟಿ ಮುಂದೆ ಹೋಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಒಬ್ಬರು ಶಾಲು ಹೊದೆಸಿದರು. ಮನೆಗೆ ಬಂದು ಆ ಶಾಲನ್ನು ಏನು ಮಾಡುವುದೆಂದು ತಿಳಿಯದೆ ಬಹಳ ಹೊತ್ತು ಮಡಿಲಲ್ಲಿ ಇಟ್ಟುಕೊಂಡು ಕೂತಳು.

ಎರಡು ತಿಂಗಳ ಮೇಲೆ ಮೂಡುಬಿದಿರೆಯಲ್ಲಿ ಮತ್ತೊಮ್ಮೆ ಕರೆದಾಗ ಪೂರ್ತಿ ಹೇಳಿದಳು. ಆ ಹೆಂಗಸಿನ ಹೆಸರು, ಊರು ಹೇಳಲಿಲ್ಲ. ತಾನು ಮಾಡಿದ್ದನ್ನು ಮಾತ್ರ ಒಂದೂ ಬಿಡಲಿಲ್ಲ, ನರ್ಸಿನ ಕಡೆ ತಲೆಯಾಡಿಸಿದ್ದನ್ನೂ. ಈ ಸಲ ಚಪ್ಪಾಳೆ ಬರಲಿಲ್ಲ. ಊಟದ ಹೊತ್ತಿಗೆ ಅವಳ ಬೆಂಚು ಖಾಲಿಯಿತ್ತು. ಕೊನೆಗೆ ಬಂಟ್ವಾಳದ ಕಡೆಯ ಒಬ್ಬಳು ತಟ್ಟೆ ಹಿಡಿದು ಬಂದು ಎದುರು ಕೂತಳು. ಅನ್ನ ಕಲಸುತ್ತಾ ಕೇಳಿದಳು:

"ಆ ಅಕ್ಕ ಈಗ ನಿಮ್ಮತ್ರ ಮಾತಾಡ್ತಾರಾ?"

"ಬೇಕಾದಷ್ಟಕ್ಕೆ ಮಾತಾಡ್ತಾರೆ," ಎಂದಳು ಶಶಿಪ್ರಭಾ. "ಅದಕ್ಕಿಂತ ಹೆಚ್ಚಿಲ್ಲ."